ಹೊತ್ತಿನ ಸಾಲ

2005ರ ಡಿಸೆಂಬರಿನ ಒಂದು ಭಾನುವಾರ, ಹಾವೇರಿ ಬಸ್ ನಿಲ್ದಾಣದ ಸಮೀಪದ ಸೈಬರ್ ಕೆಫೆಯಲ್ಲಿ ಕೂತು, ರಾಣೇಬೆನ್ನೂರಿನ ಹದಿಮೂರು ವರ್ಷದ ಹುಡುಗನೊಬ್ಬನಿಗೆ ನಾನು ಮೋಸ ಮಾಡಿದೆ. ಅವನಿಂದ ಕಿತ್ತುಕೊಂಡದ್ದು ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದೊಳಗಿನ ಒಂದು ಕವಚ, ಒಂದು ಶಿರಸ್ತ್ರಾಣ, ಒಂದು ಗುರಾಣಿ, ಒಂದು ಜೊತೆ ಕಾಲ್ಗಾಪು. ಕರೆಂಟು ಹೋದರೆ ಪರದೆಯಿಂದ ಅಳಿಸಿ ಹೋಗುವ, ನೀಲಿ ಬಣ್ಣದ ನಾಲ್ಕು ಚಿತ್ರಗಳು. ಅವನ ಹತ್ತಿರ ಇದ್ದದ್ದು ಅಷ್ಟೇ. ಈ ಮಾತನ್ನು ಬಹಳ ವರ್ಷ ನಾನು ಯಾರಿಗೂ ಹೇಳಲಿಲ್ಲ. ಹೇಳದೆ ಇದ್ದುದಕ್ಕೆ ಒಂದು ನೆಪವೂ ಸಿದ್ಧವಾಗಿತ್ತು: ಅದು ಆಟ ತಾನೆ!

ಆ ನೆಪ ಸುಳ್ಳೆಂದು ಒಪ್ಪುವ ಮೊದಲು ಆ ಆಟದ ಬಗ್ಗೆ ಹೇಳಬೇಕು. ಅದನ್ನು ಪ್ರೀತಿಯಿಂದಲೇ ಹೇಳಬೇಕು, ಏಕೆಂದರೆ ನಾನು ಅದನ್ನು ಪ್ರೀತಿಸಿದ್ದು ನಿಜ.

ನಮ್ಮೂರು ಬ್ಯಾಡಗಿ. ಅಪ್ಪ ಎಪಿಎಂಸಿ ಪ್ರಾಂಗಣದಲ್ಲಿ ಹಮಾಲ. ಅವ್ವ ವ್ಯಾಪಾರಸ್ಥರೊಬ್ಬರ ಕಣದಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುತ್ತಿದ್ದಳು. ಒಣಗಿದ ಕಾಯಿಯ ತೊಟ್ಟನ್ನು ಒಂದೊಂದಾಗಿ ಮುರಿದು ತೆಗೆಯುವ ಕೆಲಸ ಅದು. ಕೂಲಿ ಕಿಲೋ ಲೆಕ್ಕದ್ದು. 2004ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆಂದು ದಿನಾ ಹಾವೇರಿಗೆ ಹೋಗತೊಡಗಿದೆ. ಧಾರವಾಡದಿಂದ ಬೇರೆಯಾಗಿ 1997ರಲ್ಲಷ್ಟೇ ಜಿಲ್ಲೆಯಾದ ಹಾವೇರಿಯಲ್ಲಿ ಆಗ ಕಚೇರಿ, ಕೋಚಿಂಗು, ಝೆರಾಕ್ಸ್ ಅಂಗಡಿಗಳ ಜೊತೆಗೆ ಸೈಬರ್ ಕೆಫೆಗಳೂ ಏಳುತ್ತಿದ್ದವು. ಹಲಗೆ ಹೊಡೆದು ಮಾಡಿದ ಆರು ಗೂಡು, ಪ್ರತಿ ಗೂಡಿಗೊಂದು ಪರದೆ ಬಟ್ಟೆ, ಬಾಗಿಲಲ್ಲಿ ಹೆಸರು ಬರೆಯುವ ರಿಜಿಸ್ಟರು. ತಾಸಿಗೆ ಇಪ್ಪತ್ತು ರೂಪಾಯಿ.

ಅಲ್ಲಿ ನನಗೆ ಸಿಕ್ಕ ಲೋಕವನ್ನು ಕಟ್ಟಿದವರು ಇಂಗ್ಲೆಂಡಿನ ಆಂಡ್ರೂ ಗೋವರ್ ಮತ್ತು ಅವರ ಸೋದರ ಪಾಲ್. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗಲೇ ಆಂಡ್ರೂ ಇಂಥ ಆಟ ಬರೆಯತೊಡಗಿದ್ದರು. ರೂನ್‌ಸ್ಕೇಪ್ ಜನರಿಗೆ ತೆರೆದದ್ದು 2001ರ ಜನವರಿ 4ರಂದು. ಹೊಸ ರೂಪದ ಎರಡನೆಯ ಆವೃತ್ತಿ ಬಂದದ್ದು 2004ರ ಮಾರ್ಚಿನಲ್ಲಿ. ಆ ದಿನಗಳಲ್ಲೇ ದೊಡ್ಡ ಊರುಗಳ ಕೆಫೆಗಳಿಗೆ ರಾಗ್ನರಾಕ್, ಎ3 ಎಂಬ ಕೊರಿಯಾದ ಆಟಗಳು ಬಂದವು. ಅವಕ್ಕೆ ಸೀಡಿ ಬೇಕು, ಗಟ್ಟಿ ಕಂಪ್ಯೂಟರ್ ಬೇಕು. ರೂನ್‌ಸ್ಕೇಪ್‌ಗೆ ಅದೇನೂ ಬೇಕಿರಲಿಲ್ಲ. ಜಾವಾ ಇದ್ದರೆ ಸಾಕು, ವೆಬ್‌ಸೈಟಿನ ಪುಟದೊಳಗೇ ತೆರೆದುಕೊಳ್ಳುತ್ತಿತ್ತು. ರೊಕ್ಕ ಕೊಟ್ಟವರಿಗೆ ಹೆಚ್ಚಿನ ಸೀಮೆ, ಕೊಡದವರಿಗೂ ಒಂದಿಡೀ ರಾಜ್ಯ. ಹಾವೇರಿಯ ಹಳೇ ಕಂಪ್ಯೂಟರಿನವರೆಗೆ ಅದು ಬಂದು ಮುಟ್ಟಿದ್ದು ಹೀಗೆ.

ಮೊದಲು ಒಂದು ನಡುಗಡ್ಡೆಯಲ್ಲಿ ಇಳಿಸುತ್ತಿದ್ದರು. ಅಲ್ಲಿ ಸೀಗಡಿ ಹಿಡಿಯುವುದು, ಹಿಟ್ಟು ನಾದಿ ರೊಟ್ಟಿ ಸುಡುವುದು, ತಾಮ್ರ ತವರ ಅಗೆದು ಕಂಚು ಮಾಡುವುದು ಕಲಿಯಬೇಕು. ಆಮೇಲೆ ಲಂಬ್ರಿಜ್ ಎಂಬ ಕೋಟೆಯೂರು. ಅಲ್ಲಿಯ ಅಡುಗೆಯವನಿಗೆ ಒಂದು ತತ್ತಿ, ಒಂದು ಬಕೀಟು ಹಾಲು, ಒಂದು ಗಡಿಗೆ ಹಿಟ್ಟು ತಂದುಕೊಡುವುದೇ ಹೊಸಬನ ಮೊದಲ ಕೆಲಸ. ಹಿಟ್ಟು ಬೇಕೆಂದರೆ ಹೊಲಕ್ಕೆ ಹೋಗಿ ಗೋಧಿ ಕೀಳಬೇಕು, ಗಾಳಿಗಿರಣಿಯ ಮೇಲಂತಸ್ತಿಗೆ ಹತ್ತಿ ಸುರಿಯಬೇಕು, ಇಳಿದು ಬಂದು ತುಂಬಿಕೊಳ್ಳಬೇಕು. ಗಿರಣಿಗೆ ಜೋಳ ಹೊತ್ತು ಬೆಳೆದ ಹುಡುಗ ನಾನು. ಇಂಗ್ಲಿಷ್ ಪೂರಾ ತಿಳಿಯದಿದ್ದರೂ ಆ ಕೆಲಸ ತಿಳಿಯಿತು.

ಸಮುದ್ರವನ್ನು ನಾನು ಅಲ್ಲೇ ಮೊದಲು ನೋಡಿದೆ. ಅದುವರೆಗೆ ನನಗೆ ನೀರೆಂದರೆ ತುಂಗಭದ್ರೆ, ವರದಾ, ಹಾವೇರಿಯ ಹೆಗ್ಗೇರಿ ಕೆರೆ. ಪೋರ್ಟ್ ಸರಿಮ್ ಎಂಬ ಬಂದರಿನಲ್ಲಿ ಮೂವತ್ತು ನಾಣ್ಯ ಕೊಟ್ಟು ಹಡಗು ಹತ್ತಿದರೆ ಬಾಳೆ ತೋಟಗಳ ಕರಾಮ್ಜಾ ದ್ವೀಪ. ಅಲ್ಲಿಯ ಕಟ್ಟೆಯ ಮೇಲೆ ಸಾಲಾಗಿ ನಿಂತು ಬುಟ್ಟಿ ಇಳಿಬಿಟ್ಟು ನಳ್ಳಿ ಹಿಡಿಯುತ್ತಿದ್ದೆವು. ನನ್ನ ಎಡಕ್ಕೆ ಯಾವ ದೇಶದವನೋ, ಬಲಕ್ಕೆ ಯಾವ ದೇಶದವಳೋ. ಬಂದರಿನಲ್ಲಿ ನಾವಿಕರ ಹಾಡಿನ ಧಾಟಿಯ ಸಂಗೀತ ನುಡಿಯುತ್ತಿತ್ತು. ಕೆಫೆಯ ಹೆಡ್‌ಫೋನಿನಲ್ಲಿ ಒಂದೇ ಕಿವಿ ಕೆಲಸ ಮಾಡುತ್ತಿತ್ತು. ಇಂದಿಗೂ ಆ ಧಾಟಿ ಎಲ್ಲಾದರೂ ಕೇಳಿದರೆ ನನ್ನ ಬಲಗಿವಿಯಲ್ಲೇ ಕೇಳಿದಂತೆ ಅನಿಸುತ್ತದೆ.

ಆ ಲೋಕದಲ್ಲಿ ಯಾರೂ ಹುಟ್ಟಿನಿಂದ ದೊಡ್ಡವರಲ್ಲ. ಮರ ಕಡಿಯುವುದರಲ್ಲಿ, ಗಣಿ ಅಗೆಯುವುದರಲ್ಲಿ, ಕಮ್ಮಾರಿಕೆಯಲ್ಲಿ ಒಂದರಿಂದ ತೊಂಬತ್ತೊಂಬತ್ತರವರೆಗೆ ಮೆಟ್ಟಿಲು. ಮೇಲಿನ ಮೆಟ್ಟಿಲಿಗೆ 1,30,34,431 ಅಂಕ ಬೇಕು. ತೊಂಬತ್ತೆರಡನೆಯ ಮೆಟ್ಟಿಲು ಮುಟ್ಟಿದಾಗ ಅರ್ಧ ದಾರಿ ಮುಗಿದಿರುತ್ತದೆ, ಅಷ್ಟೇ. ಒಂದು ಮರ, ಮತ್ತೊಂದು ಮರ, ಬ್ಯಾಂಕಿಗೆ ಹೋಗಿ ಇಳಿಸು, ತಿರುಗಿ ಬಾ. ಆ ಬೇಸರದ ದುಡಿಮೆಗೆ ನಾನು ಎಷ್ಟು ತಾಳ್ಮೆಯಿಂದ ಕೂಡುತ್ತಿದ್ದೆ! ಬ್ಯಾಡಗಿಯ ನನ್ನ ಮನೆಯಲ್ಲೇ ಅಂಥದೇ ದುಡಿಮೆ ನಡೆದಿತ್ತು. ಅವ್ವ ಬೆಳಗಿನಿಂದ ಸಂಜೆಯವರೆಗೆ ಒಂದು ಕಾಯಿ, ಮತ್ತೊಂದು ಕಾಯಿ ಎಂದು ತುಂಬು ಮುರಿದು ರಾತ್ರಿ ಉರಿಯುವ ಬೆರಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದಳು. ಅವಳ ಪಕ್ಕ ಅರ್ಧ ತಾಸು ಕೂತು ಒಂದು ಪುಟ್ಟಿ ಕಾಯಿ ಬಿಡಿಸಿಕೊಟ್ಟ ನೆನಪು ನನಗಿಲ್ಲ. ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದ್ದೇನೆ. ಇಲ್ಲ.

ಆಟದ ರೊಕ್ಕವೂ ಅಲ್ಲಿಂದಲೇ ಬರುತ್ತಿತ್ತು. "ಯಾತಕ್ಕೋ ತಮ್ಮಾ?" ಎಂದು ಅವ್ವ ಕೇಳುತ್ತಿದ್ದಳು. "ನೋಟ್ಸ್ ಝೆರಾಕ್ಸ್ ಮಾಡಸ್ಬೇಕವ್ವಾ" ಎನ್ನುತ್ತಿದ್ದೆ. ಸೆರಗಿನ ಗಂಟು ಬಿಚ್ಚಿ ಕೊಡುತ್ತಿದ್ದಳು. ಆ ನೋಟುಗಳಿಗೆ ಮೆಣಸಿನ ಘಾಟು ಇರುತ್ತಿತ್ತು. ಅವಳ ಒಂದು ದಿನದ ಕೂಲಿ ನನ್ನ ಎರಡು ತಾಸಿನ ಆಟಕ್ಕೆ ಸರಿಯಾಗುತ್ತಿತ್ತು. ಈ ಲೆಕ್ಕ ಆಗಲೂ ನನಗೆ ಬರುತ್ತಿತ್ತು, ನಾನು ಮಾಡಲಿಲ್ಲ.

ಬ್ಯಾಡಗಿ ಮಾರುಕಟ್ಟೆ ಸೋಮವಾರ, ಗುರುವಾರ. ಡಬ್ಬಿ, ಕಡ್ಡಿ ಎಂದು ಕಾಯಿಯ ರಾಶಿಗಳು ಕೆಂಪಾಗಿ ಹಬ್ಬಿರುತ್ತವೆ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಕಾಯಿ ನಮ್ಮದು. ಅದರ ಬಣ್ಣ ತೆಗೆದು ತುಟಿರಂಗಿಗೂ ಬಳಸುತ್ತಾರೆ. ಆಟದಲ್ಲಿ ವ್ಯಾರಕ್ ಎಂಬ ಪಟ್ಟಣದ ಪಡುವಣ ಬ್ಯಾಂಕಿನ ಮುಂದೆ ಅಂಥದೇ ಪೇಟೆ ನೆರೆಯುತ್ತಿತ್ತು. ಒಂದೊಂದು ಸರ್ವರಿನಲ್ಲಿ ಎರಡು ಸಾವಿರ ಜನರಿಗೆ ಜಾಗ. ಯಾರೋ ಕಲ್ಲಿದ್ದಲು ಮಾರುವವರು, ಯಾರೋ ನಳ್ಳಿ ಕೊಳ್ಳುವವರು, ಎಲ್ಲರ ಕೂಗೂ ತಲೆಯ ಮೇಲೆ ಹಳದಿ ಅಕ್ಷರವಾಗಿ ಮೂಡುತ್ತಿತ್ತು. ಮಾರುಕಟ್ಟೆ ಊರಿನ ಹುಡುಗನಿಗೆ ಅದು ಪರದೇಶ ಅನಿಸಲಿಲ್ಲ.

ಆ ಗದ್ದಲದ ನಡುವೆ ಒಂದು ದಿನ ಒಬ್ಬನ ತಲೆಯ ಮೇಲೆ, ಇಂಗ್ಲಿಷ್ ಲಿಪಿಯಲ್ಲಿ, "ಕನ್ನಡ ಯಾರರ ಅದೀರೇನ್ರಿ?" ಎಂದು ಮೂಡಿತು. ನನಗೆ ಮೈ ಝುಮ್ಮೆಂದಿತು. "ಅದೀನಿ, ಯಾವೂರು?" ಎಂದೆ. "ರಾಣೇಬೆನ್ನೂರ್ರಿ ಅಣ್ಣಾ" ಎಂದು ಬಂತು. ಬ್ಯಾಡಗಿ ಸ್ಟೇಷನ್ನಿನಿಂದ ರೈಲು ಹತ್ತಿದರೆ ದೇವರಗುಡ್ಡ ದಾಟಿ ಸಿಗುವ ಊರು! ಕೇಂಬ್ರಿಜ್‌ನವರು ಕಟ್ಟಿದ ಪಟ್ಟಣದಲ್ಲಿ ನಾವಿಬ್ಬರು ನೆರೆಯ ತಾಲೂಕಿನವರು ಎದುರಾಗಿ ನಿಂತಿದ್ದೆವು. ಅಂದಿನಿಂದ ಪ್ರತಿ ಭಾನುವಾರ ಅವನ ಮೊದಲ ಮಾತು "ಊಟ ಆತ್ರಿ ಅಣ್ಣಾ?" ಎಂದೇ.

ಅವನ ಅಪ್ಪನದು ಮೇಡ್ಲೇರಿ ರಸ್ತೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಭಾನುವಾರ ಮಾತ್ರ ಎರಡು ತಾಸು ಆಡುತ್ತಿದ್ದ. ಅದಕ್ಕೆ ರೊಕ್ಕ ಅವನೇ ದುಡಿಯುತ್ತಿದ್ದ. ರಾಣೇಬೆನ್ನೂರು ಸೀಮೆಯಲ್ಲಿ ಹೈಬ್ರಿಡ್ ಬೀಜ ಬೆಳೆಸುವ ಹೊಲಗಳು ಬಹಳ. ಹತ್ತಿಯ ಮೊಗ್ಗಿನೊಳಗಿನ ಗಂಡು ಕೇಸರವನ್ನು ಸಂಜೆ ಬೆರಳಿನಿಂದ ಕಿತ್ತು ತೆಗೆಯಬೇಕು. ಮರುದಿನ ಬೆಳಿಗ್ಗೆ ಅದೇ ಹೂವಿಗೆ ಇನ್ನೊಂದು ತಳಿಯ ಪರಾಗ ಸವರಬೇಕು. ಇದಕ್ಕೆ ಅಲ್ಲಿ ಕ್ರಾಸಿಂಗ್ ಎನ್ನುತ್ತಾರೆ. ಹೂವಿಗೊಂದರಂತೆ ಕೈ ಓಡಬೇಕಾದ ಕೆಲಸವೆಂದು ಹೆಂಗಸರನ್ನೂ ಮಕ್ಕಳನ್ನೂ ಹಚ್ಚುತ್ತಿದ್ದರು. ಶಾಲೆಯ ಹೊತ್ತಿಗೆ ಮೊದಲು ಅವನು ಕ್ರಾಸಿಂಗ್‌ಗೆ ಹೋಗುತ್ತಿದ್ದ. ಇದನ್ನು ಅವನೇ ನನಗೆ ಹೇಳಿದ್ದ, ಕರಾಮ್ಜಾದ ಕಟ್ಟೆಯ ಮೇಲೆ ನಳ್ಳಿ ಹಿಡಿಯುತ್ತ. ಅಂದರೆ ಅವನ ಇಪ್ಪತ್ತು ರೂಪಾಯಿ ಎಲ್ಲಿಂದ ಬರುತ್ತದೆ ಎಂಬುದು ನನಗೆ ಗೊತ್ತಿತ್ತು. ಈ ವಾಕ್ಯವನ್ನು ಬರೆಯದೆ ದಾಟಿಬಿಡಬಹುದಿತ್ತು. ಆದರೆ ಇಡೀ ಬರಹ ಇರುವುದೇ ಇದಕ್ಕಾಗಿ.

ಅವನ ಆಸೆ ರೂನ್ ಲೋಹದ ಪೂರ್ಣ ಕವಚ. ರೊಕ್ಕ ಕೊಡದೆ ಆಡುವವರಿಗೆ ಅದಕ್ಕಿಂತ ಮೇಲಿನ ಕವಚವಿಲ್ಲ. ಎದೆಗವಚ ತೊಡಬೇಕಾದರೆ ಮೊದಲು ಡ್ರ್ಯಾಗನ್ ಕೊಲ್ಲುವ ಸಾಹಸ ಮುಗಿಸಬೇಕು. ಲಂಬ್ರಿಜ್‌ನ ದೊರೆಯ ಹತ್ತಿರ ಹೋಗಿ ಬೆಂಕಿ ತಡೆಯುವ ಗುರಾಣಿ ಕೇಳಬೇಕೆಂದು, ದಾರಿಯೆಲ್ಲ ಹೇಳಿಕೊಟ್ಟವನು ನಾನೇ. ಅವನು ಡ್ರ್ಯಾಗನ್ ಕೊಂದ ದಿನ ಹಾವೇರಿಯ ಗೂಡಿನಲ್ಲಿ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಆಮೇಲೆ ಅವನು ತಿಂಗಳುಗಟ್ಟಲೆ ಕಲ್ಲಿದ್ದಲು ಅಗೆದು, ನಳ್ಳಿ ಮಾರಿ, ನಾಲ್ಕೂ ಭಾಗಗಳನ್ನು ಒಂದೊಂದಾಗಿ ಕೊಂಡ. ಎಲ್ಲವನ್ನೂ ತೊಟ್ಟು ನನ್ನ ಮುಂದೆ ಬಂದು ನಿಂತು, "ಹೆಂಗ ಕಾಣ್ತೀನ್ರಿ ಅಣ್ಣಾ?" ಎಂದು ಕೇಳಿದ.

ಕವಚಗಳಲ್ಲಿ ಚಿನ್ನದ ಅಂಚಿನವು ಬೇರೆ ಇದ್ದವು. ನಿಧಿ ಹುಡುಕುವ ಸಾಹಸದಲ್ಲಿ, ಅದೂ ರೊಕ್ಕ ಕೊಟ್ಟವರಿಗೆ, ಅದೃಷ್ಟವಿದ್ದರೆ ಸಿಗುತ್ತಿದ್ದವು. ಇದ್ದ ಕವಚಕ್ಕೆ ಅಂಚು ಹಾಕುವ ವಿದ್ಯೆ ಆ ಲೋಕದಲ್ಲಿ ಯಾರಿಗೂ ಇರಲಿಲ್ಲ. ಹಾಕಿಕೊಡುತ್ತೇನೆಂದು ಇಸಿದುಕೊಂಡು ಓಡುವುದು ಅಲ್ಲಿಯ ಹಳೆಯ ಮೋಸ. ಅಂದು ನನ್ನ ಗೂಡಿನ ಹಿಂದೆ ನಾಲ್ಕು ಜನ ಕಾಲೇಜು ಹುಡುಗರು ನಿಂತಿದ್ದರು. ಒಬ್ಬ, "ಲೇ, ಅಂಚಿನ ಮಾತು ಹೇಳಿ ನೋಡು, ಕೊಡ್ತಾನೇನು" ಎಂದ. ನಾನು ಬೆರಳಚ್ಚಿಸಿದೆ: "ತಮ್ಮಾ, ಕೊಡು, ಚಿನ್ನದ ಅಂಚು ಹಾಕಿಕೊಡ್ತೀನಿ."

ವಿನಿಮಯಕ್ಕೆ ಆಟದಲ್ಲಿ ಎರಡು ಕಿಟಕಿ. ಮೊದಲನೆಯದರಲ್ಲಿ ವಸ್ತು ಇಡುವುದು. ಎರಡನೆಯದರಲ್ಲಿ, ನೀನು ಕೊಡುತ್ತಿರುವುದು ಇದು, ಪಡೆಯುತ್ತಿರುವುದು ಇದು ಎಂದು ತೋರಿಸಿ ಇನ್ನೊಮ್ಮೆ ಕೇಳುತ್ತಿತ್ತು. ಅವನು ಕೊಡುವ ಕಡೆ ನಾಲ್ಕು ವಸ್ತು, ಪಡೆಯುವ ಕಡೆ ಏನೂ ಇಲ್ಲ. ಅಲ್ಲಿ ಅವನು ಸ್ವಲ್ಪ ತಡೆದ. "ಅಣ್ಣಾ, ಇವತ್ತ ಕೊಡ್ತೀರಲ್ರಿ?" ಎಂದ. "ಹ್ಞೂಂ" ಎಂದೆ. ಒತ್ತಿದ. ನಾನು ಬೇರೆ ಸರ್ವರಿಗೆ ಹಾರಿದೆ, ಖಾಸಗಿ ಮಾತು ಮುಚ್ಚಿದೆ. ಹಿಂದಿನಿಂದ ಯಾರೋ ಬೆನ್ನು ತಟ್ಟಿದರು. ಆ ಕ್ಷಣ ನನಗೆ ಹಿತವೆನಿಸಿತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಒಂದೇ ವಾರದಲ್ಲಿ ಆ ಕವಚ ತೊಟ್ಟು ವೈಲ್ಡರ್ನೆಸ್ ಎಂಬ ಕಾದಾಟದ ಬಯಲಿಗೆ ಹೋದೆ. ಯಾರೋ ಕೊಂದರು. ಎಲ್ಲ ಹೋಯಿತು. ಮೋಸದ ವಸ್ತು ನಿಲ್ಲುವುದಿಲ್ಲವೆಂಬ ನೀತಿ ಹೇಳಲು ಇದನ್ನು ಬರೆಯುತ್ತಿಲ್ಲ. ಹೋದದ್ದು ನನಗೆ ಬೇಕೇ ಇರಲಿಲ್ಲ ಎಂಬುದನ್ನು ಹೇಳಲು ಬರೆಯುತ್ತಿದ್ದೇನೆ. ನಾಲ್ಕು ಜನರ ಎದುರು ಜಾಣನಾಗಬೇಕಿತ್ತು, ಅಷ್ಟಕ್ಕೇ ತೆಗೆದುಕೊಂಡೆ.

ನೆಪಗಳನ್ನು ವರ್ಷಗಟ್ಟಲೆ ಬದಲಿಸಿದ್ದೇನೆ. ಎಲ್ಲರೂ ಮಾಡುತ್ತಿದ್ದರು ಎಂದೆ. ಎಲ್ಲರನ್ನೂ ಅವನು ಅಣ್ಣಾ ಎನ್ನುತ್ತಿರಲಿಲ್ಲ. ನನಗೂ ಹದಿನೇಳೇ ವರ್ಷ ಎಂದೆ, ಅವನಿಗೆ ಹದಿಮೂರು. ಅವನು ಎಚ್ಚರಾಗಿರಬೇಕಿತ್ತು ಎಂದೆ. ಅವನಿಗೆ ಆ ಲೋಕವನ್ನು ಕಲಿಸಿದವನು ನಾನು, ಎಚ್ಚರವನ್ನೂ ನಾನೇ ಕಲಿಸಬೇಕಿತ್ತು.

2008ರ ಬೇಸಿಗೆಯಲ್ಲಿ ಬ್ಯಾಡಗಿಯ ಅಂಗಡಿಯೊಂದರಲ್ಲಿ ತೂಕದ ಚೀಟಿ ಬರೆಯುವ ಕೆಲಸಕ್ಕೆ ನಿಂತೆ. ಮೊದಲ ಸಂಬಳ ಕೈಗೆ ಬಂದ ರಾತ್ರಿ ಆ ಹುಡುಗನ ನೆನಪು ಮೊದಲ ಸಲ ನಿದ್ದೆಗೆಡಿಸಿತು. ಆಟಕ್ಕೆ ಮರಳಿ ಅದೇ ನಾಲ್ಕು ಭಾಗಗಳನ್ನು ಕೊಂಡು ಬ್ಯಾಂಕಿನಲ್ಲಿಟ್ಟೆ. ಗೆಳೆಯರ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಕೆಂಪು ಅಕ್ಷರ. ಅಂದರೆ ಅವನು ಆಟದಲ್ಲಿಲ್ಲ. ಬಂದಿದ್ದರೂ ಕೊಡಲು ಆಗುತ್ತಿರಲಿಲ್ಲ. ಆಟದ ಚಿನ್ನವನ್ನು ನಿಜ ರೊಕ್ಕಕ್ಕೆ ಮಾರುವ ದಂಧೆ ಬೆಳೆದದ್ದರಿಂದ ಆ ವರ್ಷದ ಜನವರಿಯಲ್ಲಿ ಕಂಪನಿ ಹೊಸ ಕಟ್ಟಳೆ ತಂದಿತ್ತು: ವಿನಿಮಯದಲ್ಲಿ ಎರಡೂ ಕಡೆಯ ಬೆಲೆ ಹೆಚ್ಚುಕಡಿಮೆ ಸಮ ಇರಬೇಕು. ಸುಮ್ಮನೆ ಕೊಡುವಂತಿಲ್ಲ. ಕಸಿದುಕೊಳ್ಳಲು ತೆರೆದಿದ್ದ ಕಿಟಕಿ ತಿರುಗಿ ಕೊಡುವಾಗ ಮುಚ್ಚಿತ್ತು. ಆಟಗಾರರ ಮತ ಕೇಳಿ 2011ರ ಫೆಬ್ರವರಿ 1ರಂದು ಆ ಕಟ್ಟಳೆ ತೆಗೆದರು. ಹೆಸರು ಕೆಂಪಾಗಿಯೇ ಇತ್ತು. 2013ರ ಫೆಬ್ರವರಿಯಲ್ಲಿ 2007ರ ಲೋಕವನ್ನೇ ಹಳೆಯ ಪ್ರತಿಯಿಂದ ಎತ್ತಿ ಮತ್ತೆ ತೆರೆದಾಗ ಓಡಿ ಹೋದೆ. ಅದೇ ಲಂಬ್ರಿಜ್, ಅದೇ ಗಿರಣಿ. ಆದರೆ ಎಲ್ಲರೂ ಬರಿಗೈಯಲ್ಲಿ ಮೊದಲಿನಿಂದ ಶುರು ಮಾಡಬೇಕು. ಆ ಲೋಕದ ಕಡತದಲ್ಲಿ ನನ್ನ ಸಾಲ ಅಳಿಸಿತ್ತು. ನನ್ನೊಳಗೆ ಅಳಿಸಲಿಲ್ಲ.

2018ರ ಆಗಸ್ಟ್ 6ರಂದು ಆಟದ ಮೊದಲ ಆವೃತ್ತಿಯ ಸರ್ವರುಗಳನ್ನು ಶಾಶ್ವತವಾಗಿ ಮುಚ್ಚಿದರು. ಆ ಸುದ್ದಿ ಓದಿದ ದಿನ ಊರಲ್ಲಿದ್ದೆ. ಅವ್ವನಿಗೆ ಎಲ್ಲ ಹೇಳಿದೆ: ಝೆರಾಕ್ಸಿನ ಸುಳ್ಳು, ಕೆಫೆ, ಹುಡುಗ, ಕವಚ. ಕಂಪ್ಯೂಟರಿನೊಳಗಿನ ವಸ್ತುವನ್ನು ಅವಳಿಗೆ ಹೇಗೆ ತಿಳಿಸುವುದೆಂದು ತಡವರಿಸುತ್ತಿದ್ದೆ. ಅವಳಿಗೆ ಅಲ್ಲಿ ತೊಡಕೇ ಕಾಣಲಿಲ್ಲ.

"ಅದನ್ನ ಗಳಿಸಾಕ ಆ ಹುಡುಗ ಎಷ್ಟ ದಿನ ಕುಂತಿದ್ದ?" ಎಂದಳು.

"ಏಳೆಂಟು ತಿಂಗಳಾಗಿರಬೇಕು, ಭಾನುವಾರ ಭಾನುವಾರ."

"ಅಂದ್ರ ಕೂಸಿನ ಕೂಲಿ ತಿಂದ್ಹಂಗಾತಲ್ಲೋ. ತಿರುಗಿ ಕೊಟ್ಟೇನು?"

ಹದಿಮೂರು ವರ್ಷ ನಾನು ಸುತ್ತಿ ಸುತ್ತಿ ದಾಟಿದ್ದ ಮಾತನ್ನು ಅವಳು ಒಂದು ಪ್ರಶ್ನೆಯಲ್ಲಿ ಹಿಡಿದಿದ್ದಳು. ವಸ್ತು ಚಿತ್ರವಾಗಿರಬಹುದು. ಅದಕ್ಕೆ ಹೋದ ಹೊತ್ತು ಚಿತ್ರವಲ್ಲ. ಆ ಹೊತ್ತು ಹತ್ತಿ ಹೂವಿನ ಮುಂದೆ ಬಗ್ಗಿದ ಬೆನ್ನಿನಿಂದ ಬಂದಿತ್ತು, ನನ್ನ ಹೊತ್ತು ಮೆಣಸಿನ ರಾಶಿಯ ಮುಂದೆ ಕೂತ ಬೆನ್ನಿನಿಂದ ಬಂದಂತೆ.

ಮರುದಿನ ರಾಣೇಬೆನ್ನೂರಿಗೆ ಹೋದೆ. ಮೇಡ್ಲೇರಿ ರಸ್ತೆಯಲ್ಲಿ ಸೈಕಲ್ ಅಂಗಡಿ ಇರಲಿಲ್ಲ. ವಿಚಾರಿಸಿದರೆ ಮಗ ಬೀಜದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆಂದರು. ಅಲ್ಲಿ ಹೋಗಿ, ಆಟದಲ್ಲಿನ ನನ್ನ ಹೆಸರು ಹೇಳಿದೆ. ಕೈಯಲ್ಲಿದ್ದ ಬಿಲ್ ಪುಸ್ತಕ ಕೆಳಗಿಟ್ಟು ನನ್ನನ್ನೇ ನೋಡಿದ. ನಾನು ಮಾಡಿದ್ದನ್ನು ಹೇಳಿದೆ, ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ನಿಮ್ಮ ಹತ್ರ ಉಳೀತೇನ್ರಿ ಅಣ್ಣಾ?" ಎಂದು ಕೇಳಿದ. ಒಂದು ವಾರದಲ್ಲಿ ಕಳೆದುಕೊಂಡೆ ಎಂದೆ. "ಛೇ" ಎಂದ. ಆಮೇಲೆ ಹೇಳಿದ: ಅಂದು ನನ್ನ ಕಡೆ ಕರೆಂಟು ಹೋಗಿರಬೇಕು ಎಂದುಕೊಂಡಿದ್ದನಂತೆ. ಮುಂದಿನ ಮೂರು ಭಾನುವಾರ ಬಂದು, ಏನೂ ಆಡದೆ, ವ್ಯಾರಕ್‌ನ ಆ ಬ್ಯಾಂಕಿನ ಮುಂದೆ ಎರಡೆರಡು ತಾಸು ನಿಂತಿದ್ದನಂತೆ. ನಾಲ್ಕನೆಯ ಭಾನುವಾರದಿಂದ ಕೆಫೆಗೆ ಹೋಗಲಿಲ್ಲ, ಕ್ರಾಸಿಂಗ್ ರೊಕ್ಕ ಮನೆಯಲ್ಲಿ ಕೊಟ್ಟ. ಬಿಟ್ಟದ್ದು ಒಳ್ಳೆಯದೇ ಆಯಿತು ಎಂದ. ಚಹಾ ತರಿಸಿದ. "ಊಟ ಆತ್ರಿ?" ಎಂದು ಕೇಳಿದ.

ಆ ಲೋಕದ ಮೇಲೆ ನನಗೆ ಈಗಲೂ ಪ್ರೀತಿ ಇದೆ. ಸಮುದ್ರ ತೋರಿಸಿತು, ಬೇಸರದ ದುಡಿಮೆಯಲ್ಲೂ ಘನತೆ ಇದೆ ಎಂದು ತೋರಿಸಿತು, ಒಬ್ಬ ತಮ್ಮನನ್ನು ಕೊಟ್ಟಿತು. ಆ ತಮ್ಮನನ್ನು ಕಳೆದದ್ದು ಆಟವಲ್ಲ, ನಾನು. ನಿಮ್ಮ ಮನೆಯ ಮಕ್ಕಳೂ ಇಂದು ಮೊಬೈಲಿನಲ್ಲಿ ಇಂಥ ಲೋಕಗಳಲ್ಲಿ ಓಡಾಡುತ್ತಿರುತ್ತಾರೆ. ಎಷ್ಟು ಹೊತ್ತು ಆಡಿದೆ ಎಂದು ಕೇಳುತ್ತೀರಿ, ಕೇಳಬೇಕು. ಅದರ ಜೊತೆಗೆ, ಯಾರ ಸಂಗಡ ಆಡಿದೆ, ಅವರೊಡನೆ ಹೇಗೆ ನಡೆದುಕೊಂಡೆ ಎಂದೂ ಕೇಳಿ. ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.

ಕವಚದ ಸಾಲಕ್ಕೆ ಅವನು ಕ್ಷಮೆ ಕೊಟ್ಟ. ಮೂರು ಭಾನುವಾರ, ದಿನಕ್ಕೆ ಎರಡು ತಾಸು: ನಾನು ಬರುತ್ತೇನೆಂದು ಅವನು ಕಾದದ್ದು ಒಟ್ಟು ಆರು ತಾಸು. ಅದನ್ನು ನಾನು ತಿರುಗಿ ಕೊಟ್ಟಿಲ್ಲ.